ಕುಟುಂಬದ ಕ್ರೂಸ್ ಪ್ರವಾಸ: ಕಾನ್ಸಿಯರ್ಜ್ ದರ್ಜೆಗೆ ಹಣ ತೆರುವ ಮುನ್ನ

ವರ್ಷದ ಹನ್ನೊಂದು ತಿಂಗಳು ಅಂಗಡಿಯ ಗಾದಿ ಬಿಟ್ಟೇಳದ ವರ್ತಕನೂ, ಕಾರ್ಖಾನೆಯ ಶೆಡ್ಡಿನ ಆಚೆ ದೃಷ್ಟಿ ಹಾಯಿಸಲು ಪುರಸೊತ್ತಿಲ್ಲದ ಸಣ್ಣ ಉದ್ಯಮಿಯೂ ಮಕ್ಕಳ ಬೇಸಿಗೆ ರಜೆ ಬಂದಾಗ ಮನೆಯವರ ಮಾತಿಗೆ ಮಣಿಯಲೇಬೇಕಾಗುತ್ತದೆ. ಒಂದು ತಲೆಮಾರಿನ ಹಿಂದೆ ಈ ಪ್ರವಾಸ ಧರ್ಮಸ್ಥಳ, ತಿರುಪತಿ, ಹೆಚ್ಚೆಂದರೆ ಊಟಿಯವರೆಗೆ ಸಾಗುತ್ತಿತ್ತು. ಬಳಿಕ ಸಿಂಗಪುರ ಹತ್ತಿರವಾಯಿತು. ಈಗ ಸಿಂಗಪುರದ ವಿಮಾನ ಟಿಕೆಟ್ಟಿನ ಜೊತೆಗೆ ಮೂರು ನಾಲ್ಕು ರಾತ್ರಿಗಳ ಹಡಗು ವಿಹಾರವನ್ನೂ ಸೇರಿಸಿ ಮಾರುವುದು ಪ್ರವಾಸ ಏಜೆಂಟರ ವಾಡಿಕೆಯಾಗಿದೆ. ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಊರಿನಿಂದ ಬಂದ ತಂದೆತಾಯಿಯರನ್ನು ಫ್ಲಾರಿಡಾದ ಬಂದರಿನಿಂದ ಡಿಸ್ನಿ ಹಡಗಿನಲ್ಲಿ ಕರೆದೊಯ್ಯುವುದೂ ಕನ್ನಡಿಗ ಕುಟುಂಬಗಳಲ್ಲಿ ಅಪರೂಪವಾಗಿ ಉಳಿದಿಲ್ಲ. ಕಾಯ್ದಿರಿಸುವ ಹಂತದಲ್ಲಿ ಏಜೆಂಟರಿಂದ ಒಂದು ಮಾತು ತಪ್ಪದೆ ಬರುತ್ತದೆ: "ಇನ್ನು ಸ್ವಲ್ಪ ಸೇರಿಸಿದರೆ ಕಾನ್ಸಿಯರ್ಜ್ ದರ್ಜೆಯೇ ಸಿಗುತ್ತದೆ." ಈ 'ಸ್ವಲ್ಪ' ಎಂಬುದು ಹಲವೊಮ್ಮೆ ಮೂಲ ದರದ ಇಮ್ಮಡಿಯನ್ನೂ ಮೀರುತ್ತದೆ.

ಸರಕಿನ ಪ್ರತಿ ಮೀಟರಿಗೆ, ಪ್ರತಿ ಕ್ವಿಂಟಲಿಗೆ ಎಂಟಾಣೆಯ ವ್ಯತ್ಯಾಸಕ್ಕೂ ಅರ್ಧ ದಿನ ಚೌಕಾಶಿ ಮಾಡುವ ವರ್ತಕರು ಇಂಥ ಸಂದರ್ಭದಲ್ಲಿ ಮಾತ್ರ ಲೆಕ್ಕ ಕೇಳದೆ ಒಪ್ಪಿಬಿಡುವುದು ಆಶ್ಚರ್ಯಕರ. ಮನೆಯವರ ಮುಂದೆ ಕಡಿಮೆ ದರ್ಜೆಯನ್ನು ಆರಿಸಲು ಸಂಕೋಚವೆನಿಸುವುದು ಇದಕ್ಕೆ ಒಂದು ಕಾರಣ. ಕೊಳ್ಳುತ್ತಿರುವ ವಸ್ತು ಯಾವುದೆಂಬುದೇ ಸ್ಪಷ್ಟವಾಗದಿರುವುದು ಇನ್ನೊಂದು. ಕಾನ್ಸಿಯರ್ಜ್ ದರ್ಜೆ ವ್ಯರ್ಥವೆಂದು ಹೇಳುವುದು ಸರಿಯಲ್ಲ. ಕೆಲವು ಕುಟುಂಬಗಳಿಗೆ ಅದು ಕೊಟ್ಟ ಹಣಕ್ಕೆ ತಕ್ಕ ಸೇವೆಯೇ ಹೌದು. ಆದರೆ ಅದನ್ನು ಇಡೀ ಕುಟುಂಬಕ್ಕೆ ಕೊಳ್ಳಬೇಕು, ಇಲ್ಲವಾದರೆ ಯಾರಿಗೂ ಕೊಳ್ಳಬಾರದು. ಕೊಳ್ಳುವುದಾದರೆ ಹಡಗು ಹೊರಡುವ ಬಹಳ ಮುಂಚೆಯೇ ಕೊಳ್ಳಬೇಕು. ಈ ಎರಡು ವಿಷಯಗಳಲ್ಲಿ ತಪ್ಪಿದವರು ಹಣವನ್ನೂ ನೆಮ್ಮದಿಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಕಾನ್ಸಿಯರ್ಜ್ ಎಂಬುದು ಫ್ರೆಂಚ್ ಪದ. ದೊಡ್ಡ ಭವನಗಳ ಬಾಗಿಲು ಕಾಯುವವನು, ಬೀಗದಕೈಗಳ ಉಸ್ತುವಾರಿ ಹೊತ್ತವನು ಎಂಬುದು ಅದರ ಹಳೆಯ ಅರ್ಥ. ಹೋಟೆಲುಗಳಲ್ಲಿ ಅತಿಥಿಗೆ ಬೇಕಾದುದನ್ನು ಒದಗಿಸಿಕೊಡುವ ಅಧಿಕಾರಿಗೆ ಈ ಹೆಸರು ಅಂಟಿಕೊಂಡಿತು. 1929ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥವರ ಸಂಘವೊಂದು ಹುಟ್ಟಿತು. ಕೋಟಿನ ಕಾಲರಿನ ಮೇಲೆ ಒಂದನ್ನೊಂದು ದಾಟುವ ಎರಡು ಬಂಗಾರದ ಬೀಗದಕೈಗಳು ಇಂದಿಗೂ ಅವರ ಗುರುತು. ಹಡಗಿನ ಮಟ್ಟಿಗೆ ಈ ದರ್ಜೆಯ ಇತಿಹಾಸ ಸ್ವಲ್ಪ ಸುತ್ತುದಾರಿಯದು. ಅಟ್ಲಾಂಟಿಕ್ ಸಾಗರ ದಾಟುತ್ತಿದ್ದ ಹಳೆಯ ಹಡಗುಗಳಲ್ಲಿ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಗಳು ಪ್ರತ್ಯೇಕವಾಗಿದ್ದು, ಕೆಳಗಿನವರು ಮೇಲೆ ಬರುವಂತಿರಲಿಲ್ಲ. ಜೆಟ್ ವಿಮಾನಗಳು ಬಂದು ಸಾಗರ ದಾಟುವ ಪ್ರಯಾಣಿಕರನ್ನು ಸೆಳೆದುಕೊಂಡ ಮೇಲೆ ಹಡಗುಗಳು ವಿಹಾರಕ್ಕೆ ತಿರುಗಿದವು. ಆಗ ಕೋಣೆ ಚಿಕ್ಕದಾಗಲಿ ದೊಡ್ಡದಾಗಲಿ ಊಟದ ಸಭಾಂಗಣ, ಈಜುಕೊಳ, ರಂಗಮಂದಿರ ಎಲ್ಲರಿಗೂ ಒಂದೇ ಎಂಬ ಪದ್ಧತಿ ಬಹುಮಟ್ಟಿಗೆ ನೆಲೆಯೂರಿತು. ಹಡಗುಗಳು ಬೆಳೆದು ಮೂರು ನಾಲ್ಕು ಸಾವಿರ ಜನರನ್ನು ಹೊರತೊಡಗಿದಾಗ ಸರತಿಯ ಸಾಲುಗಳೂ ಬೆಳೆದವು. ಸಾಲು ಬೆಳೆದ ಕಡೆ ಸಾಲು ತಪ್ಪಿಸುವ ಹಕ್ಕಿಗೆ ಬೆಲೆ ಬರುತ್ತದೆ. 2008ರಲ್ಲಿ ಎಂಎಸ್‌ಸಿ ಕಂಪನಿಯ ಫ್ಯಾಂಟಸಿಯಾ ಹಡಗಿನಲ್ಲಿ ಆರಂಭವಾದ ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯ ಹೆವನ್, ಸೆಲೆಬ್ರಿಟಿ ಕಂಪನಿಯ ರಿಟ್ರೀಟ್ ಇವೆಲ್ಲ 'ಹಡಗಿನೊಳಗೊಂದು ಹಡಗು' ಎಂಬ ಕಲ್ಪನೆಯ ರೂಪಗಳು. ಸಿಂಗಪುರದಿಂದ ಯಾನ ನಡೆಸಿದ ಜೆಂಟಿಂಗ್ ಡ್ರೀಮ್ ಹಡಗಿನಲ್ಲಿ ಇದಕ್ಕೆ ಪ್ಯಾಲೇಸ್ ಎಂದು ಹೆಸರು. ಹಳೆಯ ದರ್ಜೆಗಳೇ ಹೊಸ ಹೆಸರು ತೊಟ್ಟು ಮರಳಿವೆ ಎಂದರೂ ತಪ್ಪಾಗದು.

ಕುಟುಂಬದ ಪ್ರವಾಸಕ್ಕೆ ಸಂಬಂಧಿಸಿದಂತೆ ಡಿಸ್ನಿ ಹಡಗುಗಳ ಉದಾಹರಣೆಯನ್ನೇ ವಿವರವಾಗಿ ನೋಡುವುದು ಉಚಿತ. 1998ರಲ್ಲಿ ಒಂದೇ ಹಡಗಿನಿಂದ ಆರಂಭವಾದ ಈ ಸಂಸ್ಥೆ ಮಕ್ಕಳುಳ್ಳ ಮನೆಗಳನ್ನೇ ಗಮನದಲ್ಲಿರಿಸಿಕೊಂಡು ಬೆಳೆದಿದೆ. 2022ರಲ್ಲಿ ನೀರಿಗಿಳಿದ ಡಿಸ್ನಿ ವಿಶ್ ಹಡಗಿನ 1,254 ಕೋಣೆಗಳ ಪೈಕಿ ಕಾನ್ಸಿಯರ್ಜ್ ದರ್ಜೆಯವು 76 ಮಾತ್ರ, ಅಂದರೆ ನೂರಕ್ಕೆ ಆರರಷ್ಟು. ಈ ಕೋಣೆಗಳವರಿಗೆ ಒಂದು ಪ್ರತ್ಯೇಕ ಲೌಂಜ್ ಇರುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಾಫಿ, ತಿಂಡಿ, ಹಣ್ಣು, ತಂಪು ಪಾನೀಯಗಳು ಅಲ್ಲಿ ದೊರೆಯುತ್ತವೆ. ನಿಗದಿತ ಹೊತ್ತಿನಲ್ಲಿ ಮದ್ಯವೂ ಉಂಟು. ಬಿಸಿಲು ಕಾಯಲು ಪ್ರತ್ಯೇಕ ಅಟ್ಟ, ಹಡಗು ಹತ್ತುವಾಗ ಆದ್ಯತೆ, ದೊಡ್ಡ ಕೋಣೆ, ಎಲ್ಲಕ್ಕಿಂತ ಮಿಗಿಲಾಗಿ ಕುಟುಂಬದ ಬೇಕುಬೇಡಗಳನ್ನು ತಿಳಿದು ಓಡಾಡುವ ಒಂದು ಪುಟ್ಟ ತಂಡ.

ಕಣ್ಣಿಗೆ ಕಾಣುವ ಈ ಸವಲತ್ತುಗಳಿಗಿಂತ ಕಾಣದ ಒಂದು ಸವಲತ್ತೇ ಹೆಚ್ಚು ಬೆಲೆಯುಳ್ಳದ್ದು. ದಡದ ವಿಹಾರಗಳು, ದೊಡ್ಡವರಿಗಷ್ಟೇ ಮೀಸಲಾದ ಭೋಜನಶಾಲೆ, ಕೂಸುಗಳನ್ನು ಗಂಟೆ ಲೆಕ್ಕದಲ್ಲಿ ನೋಡಿಕೊಳ್ಳುವ ಶಿಶುಗೃಹ, ಬಹಾಮಾಸ್ ದ್ವೀಪಗಳಲ್ಲಿ ಡಿಸ್ನಿಯದೇ ಆದ ಕ್ಯಾಸ್ಟವೇ ಕೇ ದ್ವೀಪದ ಕಡಲ ಕುಟೀರಗಳು, ಇವುಗಳನ್ನು ಮುಂಗಡವಾಗಿ ಕಾಯ್ದಿರಿಸಬೇಕು. ಮೊದಲ ಬಾರಿಗೆ ಬರುವ ಸಾಮಾನ್ಯ ಪ್ರಯಾಣಿಕರಿಗೆ ಈ ಅವಕಾಶ ತೆರೆಯುವುದು ಯಾನಕ್ಕೆ 75 ದಿನಗಳಿರುವಾಗ. ಕಾನ್ಸಿಯರ್ಜ್ ಪ್ರಯಾಣಿಕರಿಗೆ ಅದು ನಾಲ್ಕು ತಿಂಗಳ ಆಸುಪಾಸಿನಲ್ಲೇ ತೆರೆದಿರುತ್ತದೆ. ದಡದ ಕಚೇರಿಯ ತಂಡವೇ ಅವರ ಪಟ್ಟಿಯನ್ನು ಪಡೆದು ಸ್ಥಳ ಹಿಡಿದಿಡುತ್ತದೆ. ಕಡಲ ಕುಟೀರಗಳ ಸಂಖ್ಯೆ ತೀರ ಕಡಿಮೆ. ಉಳಿದವರ ಸರದಿ ಬರುವ ಹೊತ್ತಿಗೆ ಅವು ಬಹುಪಾಲು ಖಾಲಿಯಾಗಿರುತ್ತವೆ. ಸಗಟು ಮಾರುಕಟ್ಟೆಯಲ್ಲಿ ಸರಕಿನ ಲಾರಿ ಬಂದು ನಿಲ್ಲುವ ಮೊದಲೇ ಹಳೆಯ ಗಿರಾಕಿಗೆ ಹೇಳಿಕಳುಹಿಸುವ ದಲಾಲಿಯ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಆದರೆ ಇಲ್ಲಿ ದೊರೆಯುವುದು ಮೊದಲು ಕೊಳ್ಳುವ ಹಕ್ಕು ಮಾತ್ರ. ಕೊಂಡದ್ದಕ್ಕೆ ಬೆಲೆ ಬೇರೆಯೇ. ದಡದ ವಿಹಾರಕ್ಕೂ, ಕುಟೀರಕ್ಕೂ, ಶಿಶುಗೃಹಕ್ಕೂ, ವಿಶೇಷ ಭೋಜನಕ್ಕೂ ಕಾನ್ಸಿಯರ್ಜ್ ಪ್ರಯಾಣಿಕರು ಎಲ್ಲರಂತೆಯೇ ಹಣ ತೆರುತ್ತಾರೆ. ಇಂಟರ್‌ನೆಟ್ ಕೂಡ ಈ ದರ್ಜೆಯ ಎಲ್ಲ ಕೋಣೆಗಳಿಗೂ ಉಚಿತವೆಂದು ಭಾವಿಸಬಾರದು. 'ಎಲ್ಲವೂ ಸೇರಿದೆ' ಎಂದು ಏಜೆಂಟರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹೊರಟ ಕುಟುಂಬಕ್ಕೆ ಕೊನೆಯ ಬೆಳಗಿನಲ್ಲಿ ಡಾಲರಿನ ಬಿಲ್ಲು ಕೈಗೆ ಬಂದಾಗ ಆಗುವ ಇರಿಸುಮುರಿಸು ಸಣ್ಣದಲ್ಲ. ಯಾವುದು ದರದಲ್ಲಿ ಅಡಕವಾಗಿದೆ, ಯಾವುದಕ್ಕೆ ಆದ್ಯತೆ ಮಾತ್ರ ಎಂಬ ಎರಡು ಪಟ್ಟಿಗಳನ್ನು ಏಜೆಂಟರಿಂದ ಲಿಖಿತವಾಗಿ ಪಡೆಯುವುದು ಲೇಸು.

ಎಲ್ಲರಿಗೂ ಉಚಿತವಾಗಿ ದೊರೆಯುವ ಸೇವೆಗಳಿಗಾಗಿ ಮೇಲ್ದರ್ಜೆಯ ಹಣ ತೆರುವುದು ಇನ್ನೊಂದು ತಪ್ಪು. ಡಿಸ್ನಿ ಹಡಗುಗಳಲ್ಲಿ ಊಟದ ಸಭಾಂಗಣ ದಿನಕ್ಕೊಂದರಂತೆ ಬದಲಾದರೂ ಬಡಿಸುವವರು ಬದಲಾಗುವುದಿಲ್ಲ; ಅದೇ ಇಬ್ಬರು ಪರಿಚಾರಕರು ಕುಟುಂಬದೊಡನೆ ಸಭಾಂಗಣದಿಂದ ಸಭಾಂಗಣಕ್ಕೆ ಬರುತ್ತಾರೆ. ಎರಡನೆಯ ರಾತ್ರಿಗೆ ಮಗುವಿನ ಹೆಸರೂ, ಅಜ್ಜನಿಗೆ ಖಾರ ಆಗದೆಂಬುದೂ ಅವರಿಗೆ ತಿಳಿದಿರುತ್ತದೆ. ಕೆಳ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯವರಿಗೂ ಈ ಸೇವೆ ಉಂಟು. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ, ಮೊದಲ ರಾತ್ರಿ ಪರಿಚಾರಕರೊಡನೆ ಮಾತನಾಡಿಕೊಂಡರೆ, ಭಾರತೀಯ ರೀತಿಯ ಪಲ್ಯ, ದಾಲ್, ಅನ್ನವನ್ನು ಮಾಡಿಕೊಡುತ್ತಾರೆ. ಅದಕ್ಕೆ ಪ್ರತ್ಯೇಕ ಹಣವಿಲ್ಲ. ಸಿಂಗಪುರದ ಹಡಗುಗಳಲ್ಲೂ, 2021ರಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ ಕಾರ್ಡೆಲಿಯಾ ಹಡಗಿನಲ್ಲೂ ಭಾರತೀಯರ ಸಂಖ್ಯೆ ಹೆಚ್ಚಿರುವುದರಿಂದ ಸಸ್ಯಾಹಾರ ಮಾತ್ರವಲ್ಲ, ಜೈನ ಆಹಾರದ ವ್ಯವಸ್ಥೆಯೂ ಇದೆ. ಮೂರು ವರ್ಷ ದಾಟಿದ ಮಕ್ಕಳ ಆಟದ ಕ್ಲಬ್ಬು, ಸಂಜೆಯ ನಾಟಕ, ನಡೆಯಲಾರದ ಹಿರಿಯರಿಗೆ ಹಡಗು ಹತ್ತುವಾಗ ಗಾಲಿಕುರ್ಚಿಯ ನೆರವು ಇವೂ ಎಲ್ಲರಿಗೂ ಸಮಾನ. ಊಟದ ಚಿಂತೆಯೊಂದರಿಂದಲೇ ಮೇಲ್ದರ್ಜೆಗೆ ಹೋಗುವ ಶಾಕಾಹಾರಿ ಕುಟುಂಬಗಳು ಈ ಮಾತನ್ನು ಗಮನಿಸಬೇಕು.

ಹಾಗಾದರೆ ಹೆಚ್ಚಿನ ಹಣಕ್ಕೆ ದೊರೆಯುವುದೇನು? ಒಂದು, ಕಾಯುವ ಹೊತ್ತು ಕಡಿಮೆಯಾಗುತ್ತದೆ. ಇನ್ನೊಂದು, ಏನೇ ಎಡವಟ್ಟಾದರೂ ಹೋಗಿ ಹೇಳಿಕೊಳ್ಳಲು ಹೆಸರು ಗೊತ್ತಿರುವ ಒಬ್ಬ ವ್ಯಕ್ತಿ ಇರುತ್ತಾನೆ. ಸಾವಿರಾರು ಜನರಿರುವ ಹಡಗಿನಲ್ಲಿ ಅತಿಥಿ ಸೇವಾ ಕೌಂಟರಿನ ಮುಂದೆ ಅರ್ಧ ಗಂಟೆ ನಿಲ್ಲುವುದಕ್ಕೂ, ಲೌಂಜಿನಲ್ಲಿ ಕಾಫಿ ಕುಡಿಯುತ್ತಾ "ನಾಳೆಯ ವಿಹಾರವನ್ನು ಮಧ್ಯಾಹ್ನಕ್ಕೆ ಬದಲಿಸಿಕೊಡಿ" ಎಂದು ಹೇಳಿ ಏಳುವುದಕ್ಕೂ ಇರುವ ಅಂತರವನ್ನು ಪುಟ್ಟ ಮಕ್ಕಳೊಡನೆ, ಎಪ್ಪತ್ತು ದಾಟಿದ ತಾಯಿಯೊಡನೆ ಪ್ರಯಾಣಿಸಿದವರೇ ಬಲ್ಲರು. ಇಂಗ್ಲಿಷಿನಲ್ಲಿ ವಾದಿಸಲು ಹಿಂಜರಿಯುವ ಹಿರಿಯರಿಗಂತೂ ಇದು ದೊಡ್ಡ ಆಸರೆ. ಅವರಿಗೆ ಇನ್ನೊಂದು ಅನುಕೂಲವೂ ಇದೆ: ಲೌಂಜ್ ಸಾಮಾನ್ಯವಾಗಿ ಕೋಣೆಗಳ ಸಮೀಪದಲ್ಲೇ ಇರುವುದರಿಂದ, ಮೊಣಕಾಲು ನೋವಿನವರು ಬೆಳಗಿನ ಕಾಫಿಗಾಗಿ ಹಡಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕಾಗಿಲ್ಲ.

ಇಲ್ಲಿಯೇ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಲೌಂಜಿಗೆ ಪ್ರವೇಶ ಕಾನ್ಸಿಯರ್ಜ್ ಕೋಣೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ಪಕ್ಕದ ಅಥವಾ ಎದುರಿನ ಸಾಮಾನ್ಯ ಕೋಣೆಯಲ್ಲಿರುವವರು ಅದೇ ಕುಟುಂಬದವರಾದರೂ ಅವರಿಗೆ ಆ ಹಕ್ಕಿಲ್ಲ. ಮೂರು ತಲೆಮಾರಿನ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ದಾವಣಗೆರೆಯ ವರ್ತಕ, ಆತನ ಪತ್ನಿ, ಇಬ್ಬರು ಮಕ್ಕಳು ಕಾನ್ಸಿಯರ್ಜ್ ಕೋಣೆಯಲ್ಲಿ. ಹಣ ಉಳಿಸುವ ಸದುದ್ದೇಶದಿಂದಲೇ ತಂದೆತಾಯಿಗೆ ಎರಡು ಅಂತಸ್ತು ಕೆಳಗೆ ಸಾಮಾನ್ಯ ಕೋಣೆ. "ನಮಗೇಕಪ್ಪಾ ಅಷ್ಟೆಲ್ಲ, ಮಲಗಲು ಒಂದು ಮಂಚವಿದ್ದರೆ ಸಾಕು" ಎಂದು ತಾಯಿಯೇ ಹೇಳಿರುತ್ತಾರೆ. ಮೊದಲ ದಿನ ಸಂಜೆ ಮೊಮ್ಮಗ ಅಜ್ಜಿಯ ಕೈ ಹಿಡಿದು ಲೌಂಜಿನ ಬಾಗಿಲಿಗೆ ಕರೆತರುತ್ತಾನೆ. ತನ್ನ ಕಾರ್ಡಿಗೆ ತೆರೆದ ಬಾಗಿಲು ಅಜ್ಜಿಯ ಕಾರ್ಡಿಗೆ ತೆರೆಯುವುದಿಲ್ಲ. ಸಿಬ್ಬಂದಿ ನಗುಮುಖದಿಂದಲೇ ನಿಯಮ ಹೇಳುತ್ತಾರೆ. "ಅಜ್ಜಿ, ನಿಮ್ಮನ್ನು ಯಾಕೆ ಬಿಡುವುದಿಲ್ಲ?" ಎಂಬ ಮಗುವಿನ ಪ್ರಶ್ನೆಗೆ ಉತ್ತರಿಸಬೇಕಾದವನು ಹಣ ತೆತ್ತ ಯಜಮಾನ. ಉಳಿದ ಮೂರು ದಿನ ಅಜ್ಜಿ ಆ ಅಂತಸ್ತಿನ ಕಡೆಗೆ ಸುಳಿಯುವುದಿಲ್ಲ. ಅಜ್ಜಿಯಿಲ್ಲದ ಲೌಂಜಿಗೆ ಸೊಸೆಯೂ ಸಂಕೋಚದಿಂದ ಹೋಗುವುದಿಲ್ಲ. ಲಕ್ಷಗಟ್ಟಲೆ ತೆತ್ತು ಕೊಂಡ ಸವಲತ್ತು ಮಕ್ಕಳು ಐಸ್‌ಕ್ರೀಂ ತಿನ್ನುವ ಜಾಗವಾಗಿ ಉಳಿಯುತ್ತದೆ.

ನಿಯಮವನ್ನು ದೂರುವಂತಿಲ್ಲ. ಒಂದು ಕೋಣೆಗೆ ಹಣ ಪಡೆದು ಎರಡು ಕೋಣೆಯವರನ್ನು ಒಳಬಿಟ್ಟರೆ ಲೌಂಜಿನಲ್ಲಿಯೂ ಸಾಲೇ ನಿಲ್ಲಬೇಕಾಗುತ್ತದೆ. ತಪ್ಪು ಕೊಳ್ಳುವವರ ಲೆಕ್ಕದಲ್ಲಿದೆ. ಅವಿಭಕ್ತ ಕುಟುಂಬ ಹೊರಟಾಗ ಎಲ್ಲರಿಗೂ ಮೇಲ್ದರ್ಜೆ ಸಾಧ್ಯವಾಗದಿದ್ದರೆ ಎಲ್ಲರೂ ಸಾಮಾನ್ಯ ದರ್ಜೆಯಲ್ಲಿ, ನಡುವೆ ಬಾಗಿಲುಳ್ಳ ಜೋಡಿ ಕೋಣೆಗಳಲ್ಲಿ ಹೋಗುವುದೇ ಸರಿ. ಒಂದೇ ಒಂದು ಕೋಣೆಗೆ ಮಾತ್ರ ಹಣವಿದೆ, ಬಿಡಲು ಮನಸ್ಸೂ ಇಲ್ಲ ಎನ್ನುವವರು ಆ ಕೋಣೆಯನ್ನು ತಂದೆತಾಯಿಗೆ ಕೊಟ್ಟು ತಾವು ಕೆಳಗಿರಲಿ. ಕಾಲು ನೋವಿನವರಿಗೆ ಹತ್ತಿರದ ಕಾಫಿ ದೊರೆಯುತ್ತದೆ. ಬಾಗಿಲಲ್ಲಿ ತಡೆಸಿಕೊಂಡವರು ಮಕ್ಕಳಾದರೆ ಅದು ನಗೆಯ ವಿಷಯವಾಗಿ ಉಳಿಯುತ್ತದೆ.

ದರದ ಲೆಕ್ಕವನ್ನು ವರ್ತಕರಿಗೆ ಕಲಿಸಬೇಕಾದ ಅಗತ್ಯವಿಲ್ಲವಾದರೂ ಒಂದೆರಡು ಅಂಶಗಳನ್ನು ಸೂಚಿಸಬಹುದು. ಹಡಗಿನಲ್ಲಿ ದರ ಕೋಣೆಗಲ್ಲ, ತಲೆಗೆ. ಕೋಣೆಯ ಮೊದಲ ಇಬ್ಬರಿಗೆ ಪೂರ್ಣ ದರ, ಮೂರನೆಯ ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ನಾಲ್ವರನ್ನು ಒಂದೇ ಕಾನ್ಸಿಯರ್ಜ್ ಕೋಣೆಯಲ್ಲಿ ಇರಿಸುವ ದರವನ್ನು ಎರಡು ಸಾಮಾನ್ಯ ಕೋಣೆಗಳ ದರದೊಡನೆ ಹೋಲಿಸಬೇಕೇ ಹೊರತು ಒಂದರೊಡನೆ ಅಲ್ಲ. ಹೀಗೆ ಹೋಲಿಸಿದಾಗ ಅಂತರ ಕೆಲವೊಮ್ಮೆ ಗಣನೀಯವಾಗಿ ಕುಗ್ಗುತ್ತದೆ. ಉದಾಹರಣೆಗೆ ಆ ಅಂತರ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ವರು ನಾಲ್ಕು ರಾತ್ರಿ ಎಂದರೆ ಹದಿನಾರರಿಂದ ಭಾಗಿಸಬೇಕು. ತಲೆಗೆ ರಾತ್ರಿಯೊಂದಕ್ಕೆ 12,500 ರೂಪಾಯಿ. ಇಷ್ಟು ಹಣಕ್ಕೆ ಪ್ರತಿಯೊಬ್ಬರೂ ದಿನವೊಂದಕ್ಕೆ ಲೌಂಜಿನಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆ, ಎಷ್ಟು ಸಾಲುಗಳನ್ನು ತಪ್ಪಿಸುತ್ತಾರೆ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ. ಎರಡು ಸಾಮಾನ್ಯ ಕೋಣೆಗಳಲ್ಲಿ ಸ್ನಾನದ ಮನೆಗಳೂ ಎರಡು ಎಂಬುದನ್ನು ಮರೆಯಬಾರದು. ಬೆಳಿಗ್ಗೆ ಎಂಟಕ್ಕೆ ನಾಲ್ವರು ಸಿದ್ಧರಾಗಬೇಕಾದ ಮನೆಯವರು ಯಾವುದೇ ಲೌಂಜಿಗಿಂತ ಈ ಸೌಕರ್ಯವನ್ನೇ ಮೆಚ್ಚಿಯಾರು.

ಮಾರ್ಗವೂ ಮುಖ್ಯ. ದಿನಕ್ಕೊಂದು ಬಂದರು ಮುಟ್ಟುವ ಯಾನದಲ್ಲಿ ಕುಟುಂಬ ಬೆಳಿಗ್ಗೆ ಇಳಿದು ಸಂಜೆ ಮರಳುತ್ತದೆ. ಹಗಲೆಲ್ಲ ಲೌಂಜ್ ಖಾಲಿ. ಕಡಲಿನಲ್ಲೇ ಕಳೆಯುವ ದಿನಗಳು ಹೆಚ್ಚಿದ್ದಷ್ಟೂ ಮೇಲ್ದರ್ಜೆಯ ಹಣ ಸಾರ್ಥಕ. ಈ ದೃಷ್ಟಿಯಿಂದ ಸಿಂಗಪುರವನ್ನು ನೆಲೆಯಾಗಿಸಿಕೊಂಡ ಡಿಸ್ನಿ ಅಡ್ವೆಂಚರ್ ಗಮನಾರ್ಹ. ಜೆಂಟಿಂಗ್ ಸಮೂಹಕ್ಕಾಗಿ ಜರ್ಮನಿಯಲ್ಲಿ ಕಟ್ಟಲಾಗುತ್ತಿದ್ದ ಈ ಹಡಗನ್ನು, ಆ ಸಮೂಹ ಮುಗ್ಗರಿಸಿದ ಬಳಿಕ, 2022ರಲ್ಲಿ ಡಿಸ್ನಿ ಕೊಂಡಿತು. ಸುಮಾರು 6,700 ಪ್ರಯಾಣಿಕರನ್ನು ಹೊರಬಲ್ಲ ಈ ಹಡಗಿನ ಮೂರು ಮತ್ತು ನಾಲ್ಕು ರಾತ್ರಿಗಳ ಯಾನಗಳನ್ನು ಯಾವುದೇ ಬಂದರು ಮುಟ್ಟದೆ ಪೂರ್ತಿ ಕಡಲಿನಲ್ಲೇ ಕಳೆಯುವಂತೆ ರೂಪಿಸಲಾಗಿದೆ. ಅಷ್ಟೊಂದು ಜನ ಹಗಲಿರುಳು ಹಡಗಿನಲ್ಲೇ ಇರುವಾಗ ಕುಳಿತುಕೊಳ್ಳಲು ಒಂದು ಶಾಂತ ಜಾಗಕ್ಕೆ ಬೆಲೆ ಹೆಚ್ಚುವುದು ಸಹಜ. (2025ರ ಡಿಸೆಂಬರಿನಲ್ಲಿ ಹೊರಡಬೇಕಿದ್ದ ಅದರ ಮೊದಲ ಯಾನವನ್ನು 2026ರ ಮಾರ್ಚಿಗೆ ಮುಂದೂಡಲಾಯಿತು. ಹೊಸ ಹಡಗಿನ ಮೊದಲ ಯಾನಗಳಿಗೆ ಮುಂಗಡ ಕೊಡುವವರು ಇಂಥ ಬದಲಾವಣೆಗೂ ಸಿದ್ಧರಿರಬೇಕಾಗುತ್ತದೆ.)

ಮೇಲ್ದರ್ಜೆಗೆ ಏರುವ ದಾರಿಗಳು ಮೂರು. ಯಾನದ ಮಾರಾಟ ತೆರೆದ ದಿನಗಳಲ್ಲೇ ನೇರವಾಗಿ ಆ ಕೋಣೆಯನ್ನು ಕೊಳ್ಳುವುದು ಮೊದಲನೆಯದು. ಡಿಸ್ನಿ ಹಡಗುಗಳಲ್ಲಿ ಹಡಗು ತುಂಬುತ್ತ ಹೋದಂತೆ ದರ ಏರುವುದೇ ರೂಢಿ. ಜೊತೆಗೆ ಕೋಣೆಗಳೇ ಕೆಲವು, ಹಳೆಯ ಗಿರಾಕಿಗಳು ಅವುಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಕೊನೆಯ ಗಳಿಗೆಯಲ್ಲಿ ಅಗ್ಗವಾಗುತ್ತದೆಂದು ಕಾಯುವ ಜಾಣತನ ಇಲ್ಲಿ ಫಲಿಸುವುದು ಅಪರೂಪ. ಕರ್ನಾಟಕದ ಕುಟುಂಬಗಳಿಗೆ ಒಂದು ಅನುಕೂಲವೂ ಉಂಟು. ಸಿಂಗಪುರದ ಶಾಲೆಗಳ ದೊಡ್ಡ ರಜೆಗಳು ಜೂನ್ ಹಾಗೂ ಡಿಸೆಂಬರ್ ತಿಂಗಳುಗಳ ಸುತ್ತ ಬೀಳುತ್ತವೆ. ನಮ್ಮ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಿನದು, ದಸರಾ ರಜೆ ಅಕ್ಟೋಬರಿನ ಆಸುಪಾಸಿನದು. ಅಲ್ಲಿಯವರ ನೂಕುನುಗ್ಗಲು ಆಗ ಕಡಿಮೆ. ಆದರೆ ಏಪ್ರಿಲ್ ಮುಗಿಯುತ್ತಿದ್ದಂತೆ ಉತ್ತರ ಭಾರತದ ಶಾಲೆಗಳಿಗೂ ರಜೆ ಹತ್ತಿರವಾಗುವುದರಿಂದ ಏಪ್ರಿಲ್ ನಡುವಿನ ವಾರಗಳನ್ನು ಹಿಡಿಯುವುದು ಜಾಣತನ.

ಎರಡನೆಯದು ಹರಾಜಿನ ದಾರಿ. ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಮೊದಲಾದ ಕಂಪನಿಗಳು ಸಾಮಾನ್ಯ ಕೋಣೆ ಕೊಂಡವರಿಂದ ಮೇಲಿನ ಕೋಣೆಗೆ ಬಿಡ್ ಆಹ್ವಾನಿಸುತ್ತವೆ. ಟೆಂಡರು ಹಾಕಿ ಅಭ್ಯಾಸವಿರುವ ಉದ್ಯಮಿಗಳಿಗೆ ಇದು ಆಕರ್ಷಕವಾಗಿ ತೋರಬಹುದು. ಬಿಡ್ ಮೊತ್ತ ಸಾಮಾನ್ಯವಾಗಿ ತಲೆಗೆ ಎಂಬುದನ್ನು ಓದದೆ, ಕೋಣೆಗೆಂದು ತಿಳಿದು ನಮೂದಿಸಿ ಇಮ್ಮಡಿ ತೆರುವ ಪ್ರಸಂಗ ಒದಗಬಹುದು. ಬಿಡ್ ಅಂಗೀಕಾರವಾದರೆ ಹಣ ಹಿಂದಿರುಗುವುದಿಲ್ಲ. ಕೋಣೆ ಎಲ್ಲಿರಬೇಕೆಂದು ಹೇಳುವ ಅಧಿಕಾರವೂ ಇಲ್ಲ. ಎರಡು ಕೋಣೆಗಳಿರುವ ಕುಟುಂಬ ಎರಡಕ್ಕೂ ಬಿಡ್ ಹಾಕಿದರೆ ಒಂದು ಒಪ್ಪಿತವಾಗಿ ಇನ್ನೊಂದು ಉಳಿದುಬಿಡಬಹುದು. ಮೇಲೆ ಹೇಳಿದ ಅಜ್ಜಿಯ ಪ್ರಸಂಗವೇ ಆಗ ಮರುಕಳಿಸುತ್ತದೆ. ಕುಟುಂಬ ಪ್ರಯಾಣಕ್ಕೆ ಈ ದಾರಿ ತಕ್ಕುದಲ್ಲ. ದಂಪತಿಗಳಿಬ್ಬರೇ ಹೊರಟಿದ್ದರೆ ಪ್ರಯತ್ನಿಸಬಹುದು.

ಮೂರನೆಯದು ಹಡಗು ಹತ್ತುವ ದಿನ ಬಂದರಿನ ಕೌಂಟರಿನಲ್ಲಿ ವಿಚಾರಿಸುವುದು. ಕೊನೆಗಳಿಗೆಯ ರದ್ದತಿಯಿಂದ ಕೋಣೆ ಖಾಲಿ ಉಳಿದಿದ್ದರೆ ಕಡಿಮೆ ವ್ಯತ್ಯಾಸದ ಹಣಕ್ಕೆ ದೊರೆಯುವುದುಂಟು. ಬೇಗ ತಲಪಿ ಸೌಜನ್ಯದಿಂದ ಕೇಳಬೇಕು, ಸಿಕ್ಕರೆ ಅದೃಷ್ಟ. ಆದರೆ ನಾಲ್ಕು ತಿಂಗಳ ಮುಂಗಡ ಕಾಯ್ದಿರಿಸುವ ಹಕ್ಕು ಆ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಉಳಿಯುವುದು ದೊಡ್ಡ ಕೋಣೆ ಮತ್ತು ಲೌಂಜ್. ಅರ್ಧ ಸರಕಿಗೆ ಮುಕ್ಕಾಲು ಬೆಲೆ ಕೇಳಿದರೆ ಬೇಡವೆನ್ನುವ ಧೈರ್ಯವೂ ಇರಬೇಕು.

ಮೇಲ್ದರ್ಜೆ ಕೊಂಡವರು ಅದನ್ನು ಬಳಸಿಕೊಳ್ಳಬೇಕಷ್ಟೆ. ನಮ್ಮವರಲ್ಲಿ ಕೇಳಲು ಹಿಂಜರಿಯುವ ಸ್ವಭಾವ ಹೆಚ್ಚು. ತೊಂದರೆ ಕೊಡುವುದೇಕೆ ಎಂಬ ಸಭ್ಯತೆ ಅದು. ಕಾನ್ಸಿಯರ್ಜ್ ತಂಡಕ್ಕೆ ಕೇಳದಿರುವುದೇ ತೊಂದರೆ. ದಡದ ಕಚೇರಿಯಿಂದ ಮೊದಲ ಪತ್ರ ಬಂದ ಕೂಡಲೇ ಕುಟುಂಬದ ವಿವರಗಳನ್ನೆಲ್ಲ ಒಂದೇ ಪತ್ರದಲ್ಲಿ ಬರೆದು ಕಳುಹಿಸಬೇಕು: ಯಾರಿಗೆ ಯಾವ ಆಹಾರ ನಿಷಿದ್ಧ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೆಯೇ, ಮೊಟ್ಟೆ ಆಗುತ್ತದೆಯೇ, ಇನ್ಸುಲಿನ್ ಇಡಲು ತಂಪುಪೆಟ್ಟಿಗೆ ಬೇಕೇ, ಯಾರ ಹುಟ್ಟುಹಬ್ಬ ಯಾವ ದಿನ, ಊಟದ ಪಾಳಿ ಮೊದಲಿನದೋ ಎರಡನೆಯದೋ. 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೊಟ್ಟೆ ಹಾಕಿದ ಖಾದ್ಯ ಬಂದೀತು. ಬಿಡಿಸಿ ಬರೆಯುವುದು ಅವಶ್ಯ. ಹಡಗು ಹತ್ತಿದ ಮೊದಲ ಗಂಟೆಯಲ್ಲೇ ಲೌಂಜಿಗೆ ಹೋಗಿ ತಂಡದವರ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಇನ್ನು ಟಿಪ್ಸ್ ವಿಷಯ. ಸೇವಾ ಶುಲ್ಕ ತಲೆಗೆ ದಿನಕ್ಕಿಷ್ಟೆಂದು ಡಾಲರಿನಲ್ಲಿ ಖಾತೆಗೆ ಸೇರುತ್ತ ಹೋಗುತ್ತದೆ. ಹಲವು ಕಂಪನಿಗಳಲ್ಲಿ ಮೇಲ್ದರ್ಜೆಗೆ ಅದರ ಮೊತ್ತವೂ ಹೆಚ್ಚು. ಕಾನ್ಸಿಯರ್ಜ್ ತಂಡದ ಪಾಲು ಅದರಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಂಡರೆ ಕೊನೆಯ ರಾತ್ರಿ ಮುಜುಗರ ತಪ್ಪುತ್ತದೆ.

ಕಾನ್ಸಿಯರ್ಜ್ ತಂಡದಿಂದ ಆಗದ ಕೆಲಸಗಳೂ ಇವೆ. ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಮರಳುವ ಯಾನವಾದರೂ ನಡುವೆ ಮಲೇಷ್ಯಾವನ್ನೋ ಥಾಯ್ಲೆಂಡನ್ನೋ ಮುಟ್ಟಿದರೆ ಸಿಂಗಪುರಕ್ಕೆ ಎರಡನೆಯ ಬಾರಿ ಪ್ರವೇಶಿಸಿದಂತೆ. ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕಾಗುತ್ತದೆ. ಸರಿಯಾದ ಕಾಗದಪತ್ರವಿಲ್ಲದವರನ್ನು ಯಾವ ದರ್ಜೆಯವರಾದರೂ ಹಡಗಿಗೆ ಹತ್ತಿಸುವುದಿಲ್ಲ. ತಲೆಸುತ್ತು, ವಾಂತಿಯ ಪ್ರವೃತ್ತಿಯುಳ್ಳವರಿಗೆ ಇನ್ನೊಂದು ಎಚ್ಚರಿಕೆ: ಈ ದರ್ಜೆಯ ಕೋಣೆಗಳು ಸಾಮಾನ್ಯವಾಗಿ ಮೇಲಿನ ಅಂತಸ್ತುಗಳಲ್ಲಿರುತ್ತವೆ, ಹಡಗಿನ ಓಲಾಟ ಅಲ್ಲಿಯೇ ಹೆಚ್ಚು. ಅಂಥವರಿಗೆ ಕೆಳ ಅಂತಸ್ತಿನ, ಹಡಗಿನ ನಡುಭಾಗದ ಅಗ್ಗದ ಕೋಣೆಯೇ ಹಿತ.

ತೆರಿಗೆಯ ಮಾತೂ ಬರಬೇಕು. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲೇ ತೆರಿಗೆ ಸಂಗ್ರಹಿಸಲಾಗುತ್ತಿದೆ. ದರ, ಮಿತಿಗಳು ಅಲ್ಲಿಂದೀಚೆಗೆ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ನಿಯಮವನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಕ್ಷೇಮ. ಈ ಹಣ ಕೈಬಿಟ್ಟು ಹೋಗುವುದಿಲ್ಲ, ವರ್ಷದ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಹಂಗಾಮಿನ ನಡುವೆ ದುಡಿಯುವ ಬಂಡವಾಳ ಅಷ್ಟರಮಟ್ಟಿಗೆ ಕಟ್ಟಿಹಾಕಿದಂತಾಗುತ್ತದೆ. ಮನೆಮಂದಿಯ ವಿಹಾರವನ್ನು 'ಮಾರುಕಟ್ಟೆ ಅಧ್ಯಯನ' ಎಂದು ಅಂಗಡಿಯ ಖರ್ಚಿಗೆ ಬರೆಯುವ ಹಳೆಯ ಅಭ್ಯಾಸವನ್ನು ಇನ್ನಾದರೂ ಬಿಡುವುದು ಒಳಿತು.

ಕಂಪನಿಗಳು ತಮ್ಮ ಡೀಲರುಗಳನ್ನು ಕುಟುಂಬಸಮೇತ ಹಡಗಿಗೆ ಕರೆದೊಯ್ಯುವ ಸಂದರ್ಭದಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ವ್ಯಾಪಾರ ಸಂಬಂಧದಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಸವಲತ್ತು ನೀಡುವವರು ಅದರ ಮೌಲ್ಯದ ಮೇಲೆ ಶೇ. 10ರಷ್ಟು ತೆರಿಗೆ ಕಡಿತದ ಹೊಣೆ ಹೊರಬೇಕು. ಪ್ರವಾಸ ಸ್ವೀಕರಿಸುವ ಡೀಲರ್ ಅದನ್ನು ತನ್ನ ಆದಾಯವೆಂದು ತೋರಿಸಬೇಕು. ಮೇಲ್ದರ್ಜೆಯ ಕೋಣೆ ದೊರೆತವನಿಗೆ ತೆರಿಗೆಯ ಲೆಕ್ಕವೂ ಮೇಲ್ದರ್ಜೆಯದೇ. ಲೆಕ್ಕಕ್ಕಿಂತ ಮಿಗಿಲಾದದ್ದು ಮನಸ್ಸಿನ ವಿಷಯ. ನಲವತ್ತು ಡೀಲರುಗಳಲ್ಲಿ ಐವರಿಗೆ ಕಾನ್ಸಿಯರ್ಜ್ ಕೋಣೆ ಕೊಟ್ಟರೆ ಆ ಐವರು ಎರಡು ದಿನದಲ್ಲಿ ಮರೆಯುತ್ತಾರೆ. ಉಳಿದ ಮೂವತ್ತೈದು ಮಂದಿಯ ಮನೆಯಾಕೆಯರು ವರ್ಷವಿಡೀ ನೆನೆಯುತ್ತಾರೆ. ಗುರಿ ಮುಟ್ಟಿದವರಿಗೆ ಹೆಚ್ಚಿನ ಗೌರವ ಬೇಕೆಂದರೆ ಊರಿಗೆ ಮರಳಿದ ಮೇಲೆ ಕ್ರೆಡಿಟ್ ನೋಟಿನಲ್ಲಿ ಕೊಡಬಹುದು. ಆ ಐದು ಕೋಣೆಗಳ ವ್ಯತ್ಯಾಸದ ಹಣದಲ್ಲಿ ಹಡಗಿನಲ್ಲೇ ಒಂದು ಸಭಾಂಗಣ ಹಿಡಿದು, ಒಂದು ಸಂಜೆ ನಲವತ್ತೂ ಕುಟುಂಬಗಳಿಗೆ ಒಟ್ಟಿಗೆ ಊಟ ಹಾಕಿಸುವ ಏರ್ಪಾಟನ್ನು ಗುಂಪು ಬುಕಿಂಗ್ ಮಾಡುವಾಗಲೇ ಕೇಳಿ ಗೊತ್ತುಪಡಿಸಿಕೊಳ್ಳುವುದು ಮೇಲು. ಇಂಥ ಸಭಾಂಗಣಗಳೂ ಹಡಗಿನಲ್ಲಿ ಎರಡು ಮೂರೇ ಇರುತ್ತವೆ, ಮೊದಲು ಕೇಳಿದವರಿಗೆ ದೊರೆಯುತ್ತವೆ.